ಉಚಿತ ಪ್ರವೇಶದ ಭಾನುವಾರ

ಹಗ್ಗ ಸರಿಸಿದ್ದು ಜನರಲ್ಲ, ನಾನು.

ಗೋಣಿಬೀಡಿನ ಹತ್ತಿರದ ಗದ್ದೆಬಯಲಿನಲ್ಲಿ ನಾವು ನಡೆಸಿದ ಮೋಟಾರ್ ರೇಸಿನಲ್ಲಿ ಜಲಜ ಎಂಬ ಹೆಣ್ಣುಮಗಳು ಒಂದು ಕಾಲು ಕಳೆದುಕೊಂಡಳು. ಅವಳು ತಾನಾಗಿಯೇ ನುಗ್ಗಿ ಬಂದು ತಿರುವಿನಲ್ಲಿ ಕೂತಳು, ಎಷ್ಟು ಹೇಳಿದರೂ ಕೇಳಲಿಲ್ಲ ಎಂದು ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದ ನಾನು ಎಲ್ಲರಿಗೂ ಹೇಳಿದೆ. ಎಲ್ಲರೂ ನಂಬಿದರು. ಅದು ಸುಳ್ಳು. ಬಯಲಂಚಿನ ಎತ್ತರದ ದರೆಯ ಮೇಲೆ ಮರದ ನೆರಳಿನಲ್ಲಿ ತನ್ನ ಪಾಡಿಗೆ ಕೂತಿದ್ದವಳನ್ನು ಕೆಳಗೆ ಕರೆದು, ಇಂಥ ಜಾಗದಲ್ಲೇ ಕೂರು ಎಂದು ಕೈ ತೋರಿಸಿದವನು ನಾನು. ತೊಂಬತ್ತರ ದಶಕದ ನಡುವಿನಲ್ಲಿ ಆದದ್ದು ಇದು. ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ಹೇಳಲು ಅವಕಾಶ ಸಿಗಲಿಲ್ಲ ಎನ್ನುವಂತಿಲ್ಲ — ಅವಕಾಶ ಬೇಕಾದಷ್ಟಿತ್ತು.

ನನ್ನದು ಸಣ್ಣ ಕಾಫಿ ತೋಟ. ನಮ್ಮ ಕಡೆ ಜೀಪು ಓಡಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ, ಮಳೆಗಾಲದ ಎಸ್ಟೇಟ್ ದಾರಿಗಳೇ ಕಲಿಸುತ್ತವೆ. ಹಾಗೆ ಕಲಿತ ಪ್ಲಾಂಟರುಗಳ ಮಕ್ಕಳು ಸೇರಿ ಒಂದು ಮೋಟಾರ್ ಕ್ಲಬ್ ಮಾಡಿಕೊಂಡಿದ್ದರು. ಕಾಫಿ ಕುಯ್ಲು ಮುಗಿದ ಮೇಲೆ, ಕೊಯ್ದು ಒಣಗಿದ ಗದ್ದೆಗಳ ಬದು ಕಡಿದು, ಸುತ್ತು ದಾರಿ ಮಾಡಿ, ಧೂಳೆಬ್ಬಿಸಿ ರೇಸ್ ಬಿಡುತ್ತಿದ್ದರು. ನನ್ನ ಹತ್ತಿರ ರೇಸಿಗೆ ಬಿಡುವಂಥ ಗಾಡಿ ಇರಲಿಲ್ಲ. ಆದರೆ ಅವರ ಜತೆ ಓಡಾಡುವ ಆಸೆಯಿತ್ತು — ದೊಡ್ಡ ತೋಟದವರು ಹೆಗಲ ಮೇಲೆ ಕೈ ಹಾಕಿ 'ಸತೀಶ' ಎಂದು ಕರೆಯುವುದು ನನಗೆ ಎಷ್ಟು ಬೇಕಾಗಿತ್ತು ಎಂಬುದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಹಾಗಾಗಿ ಕೆಲಸದ ಭಾರವೆಲ್ಲ ಮೈಮೇಲೆ ಎಳೆದುಕೊಂಡು ಕಾರ್ಯದರ್ಶಿಯಾದೆ.

ಮೊದಮೊದಲು ಟಿಕೆಟ್ ಇತ್ತು. ಬಯಲಿನ ಸುತ್ತ ಬಿದಿರಿನ ತಟ್ಟಿ ಕಟ್ಟಿ ಟಿಕೆಟ್ ಮಾರುತ್ತಿದ್ದೆವು. ಕೊಂಡವರು ಒಳಗೆ, ಕೊಳ್ಳಲಾಗದವರು ಹೊರಗೆ. ಹೊರಗಿನವರು ತಟ್ಟಿಯ ಸಂದಿಯಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ಒಳಗೆ ಅರ್ಧ ಬಯಲು ಖಾಲಿ. ಪ್ರತಿವರ್ಷ ಕೈಯಿಂದ ಹಾಕಿಯೇ ಮುಗಿಸಬೇಕಾಗುತ್ತಿತ್ತು. ಟಿಕೆಟ್ಟೇ ಬೇಡ, ಎಲ್ಲರನ್ನೂ ಬಿಡೋಣ, ಖರ್ಚನ್ನು ಯಾವುದಾದರೂ ಕಂಪನಿ ಕೊಡಲಿ ಎಂಬ ಯೋಚನೆ ತಂದವನು ನಾನು. ಬೆಂಗಳೂರಿಗೆ ಹೋಗಿ ಒಂದು ಟಯರ್ ಕಂಪನಿಯ ಮ್ಯಾನೇಜರನ್ನು ಕಂಡೆ. ಆತ ಪೂರ್ತಿ ಕೇಳಿಸಿಕೊಂಡು, "ಖರ್ಚೆಲ್ಲ ನಾವು ನೋಡ್ಕೋತೀವಿ. ನಮ್ಮ ಹೆಸರು ಕಾಣ್ಬೇಕು, ಜನ ಕಾಣ್ಬೇಕು. ಅಷ್ಟಾದ್ರೆ ಸಾಕು" ಎಂದರು. ಎಂಥ ಧಾರಾಳಿ ಮನುಷ್ಯ ಎಂದುಕೊಂಡು ವಾಪಸ್ ಬಂದೆ.

ಕ್ಲಬ್ಬಿನ ಅಧ್ಯಕ್ಷರು ರಾಜೇಗೌಡರು. ಹಿರಿಯ ಪ್ಲಾಂಟರು, ಮಾತು ಕಮ್ಮಿ. ಅವರೊಬ್ಬರಿಗೆ ಈ ಏರ್ಪಾಡು ಹಿಡಿಸಲಿಲ್ಲ.

"ಟಿಕೆಟ್ ತಗೊಂಡು ಬಂದೋನಿಗೆ ನಾವು ಉತ್ತರ ಹೇಳ್ಬೇಕು, ಸತೀಶ. ಕೂರೋ ಜಾಗ ಸರಿ ಇಲ್ಲ ಅಂದ್ರೆ ಬಂದು ಜಗಳ ಆಡ್ತಾನೆ. ಬಿಟ್ಟಿ ಬಂದೋರು ಯಾರನ್ನ ಕೇಳ್ತಾರೆ?"

"ಬಡವರು ನೋಡ್ಲಿ ಗೌಡ್ರೇ. ಅವರಿಗೂ ಒಂದು ಭಾನುವಾರ ಬೇಡ್ವಾ?" ಎಂದೆ. ಎಲ್ಲರೂ ನನ್ನ ಕಡೆಯಾದರು.

ಆ ಮಾತನ್ನು ಮನಸ್ಸಿನಿಂದಲೇ ಆಡಿದ್ದೆ. ಇವತ್ತಿಗೂ ಅದನ್ನು ಸುಳ್ಳೆನ್ನಲಾರೆ. ಜೀಪಿಗೆ ಮೈಕು ಕಟ್ಟಿಕೊಂಡು ಬಾಳೂರಿನವರೆಗೂ ಹೋಗಿ, "ಪ್ರವೇಶ ಉಚಿತ! ಪ್ರವೇಶ ಉಚಿತ!" ಎಂದು ಗಂಟಲು ಕಟ್ಟುವವರೆಗೆ ಕೂಗಿದ್ದೆ. ಎಸ್ಟೇಟುಗಳ ಲೈನ್ ಮನೆಗಳಿಂದ ಆಳುಗಳು ಒಗೆದ ಬಟ್ಟೆ ಹಾಕಿಕೊಂಡು, ಬುತ್ತಿ ಕಟ್ಟಿಕೊಂಡು ಲಾರಿಗಳಲ್ಲಿ ಬಂದು ಇಳಿದರು. ಹೆಂಗಸರಂತೂ ಅಷ್ಟು ಜನ ಅದಕ್ಕೆ ಮೊದಲು ಬಂದದ್ದೇ ಇಲ್ಲ. ಗಾಡಿ ತಿರುಗಿದಾಗಲೆಲ್ಲ ಸಣ್ಣ ಹುಡುಗಿಯರ ಹಾಗೆ ಕೂಗುತ್ತಿದ್ದರು. ಆ ಸಂತೋಷ ನಿಜವಾದದ್ದು. ಅದನ್ನು ನಾನು ತಂದೆ ಎಂಬ ಹೆಮ್ಮೆಯೂ ನಿಜವಾದದ್ದೇ —

ಆದರೆ ಆ ವರ್ಷದ ಫೋಟೋಗಳನ್ನು ನೋಡಿ ಮ್ಯಾನೇಜರ್ ಮುಖ ಸಿಂಡರಿಸಿದರು. ಜನರೆಲ್ಲ ದೂರದ ದರೆಯ ಮೇಲಿದ್ದರು. ಕಂಪನಿಯ ಬ್ಯಾನರು ಇದ್ದದ್ದು ಬಯಲಿನ ಕೊನೆಯ ತಿರುವಿನಲ್ಲಿ, ಮೊಣಕಾಲೆತ್ತರಕ್ಕೆ. ಫೋಟೋದಲ್ಲಿ ಬ್ಯಾನರ್ ಹಿಂದೆ ಬರೀ ಖಾಲಿ ಗದ್ದೆ.

ಎರಡನೆಯ ವರ್ಷ ಅವರೇ ಖುದ್ದಾಗಿ ಫೋಟೋಗ್ರಾಫರನ್ನು ಕರೆದುಕೊಂಡು ಬಂದರು. ಹಂಚುವುದಕ್ಕೆಂದು ಕಂಪನಿಯ ಹೆಸರಿದ್ದ ಹಳದಿ ಟೋಪಿಗಳ ಮೂಟೆಯನ್ನೂ ತಂದಿದ್ದರು. ಕೊನೆಯ ಸುತ್ತಿಗೆ ಗಾಡಿಗಳು ಸಾಲುಗಟ್ಟುತ್ತಿದ್ದ ಹೊತ್ತಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು.

"ಈ ಸಲಾನೂ ಅದೇ ಕಥೆ ಆಯ್ತಲ್ಲ ಸತೀಶ್. ಬ್ಯಾನರ್ ಹತ್ರ ಒಂದು ನರಪಿಳ್ಳೆ ಇಲ್ಲ."

"ಅದು ತಿರುವು ಸಾರ್. ಗಾಡಿ ಜಾರಿದ್ರೆ ಅಲ್ಲಿಗೇ ಬರ್ತದೆ. ಅದಕ್ಕೇ ಖಾಲಿ ಬಿಟ್ಟಿರೋದು."

"ಹೌದು ಹೌದು, ನಿಮ್ಮ ಕಷ್ಟ ನಂಗೆ ಅರ್ಥ ಆಗ್ತದೆ. ಆದ್ರೆ ಮುಂದಿನ ವರ್ಷಕ್ಕೆ ಕೊಡಿ ಅಂತ ನಾನು ಆಫೀಸಲ್ಲಿ ಯಾವ ಮುಖ ಇಟ್ಕೊಂಡು ಕೇಳ್ಲಿ, ಹೇಳಿ?"

ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ಹಗ್ಗ ಸರಿಸು ಎಂದು ಅವರು ಹೇಳಲಿಲ್ಲ. ಆ ಮಾತು ಅವರ ಬಾಯಿಂದ ಬರಲೇ ಇಲ್ಲ. ನಾನೇ ಅರ್ಥ ಮಾಡಿಕೊಂಡೆ. ಹೇಳದೆ ಅರ್ಥ ಮಾಡಿಕೊಳ್ಳುವವನು ಎಂಬ ಹೆಸರು ನನಗೆ ಬೇಕಾಗಿತ್ತು.

ತಿರುವಿನ ಹಿಂದೆ ಬಹಳ ದೂರದಲ್ಲಿ ಗೂಟ ಹೊಡೆದು ಹಗ್ಗ ಕಟ್ಟಿಸಿದ್ದವರು ರಾಜೇಗೌಡರು. ಬೆಳಿಗ್ಗೆ ತಾವೇ ನಿಂತು ಎಳೆದು ನೋಡಿದ್ದರು. ಆ ಹೊತ್ತಿಗೆ ಅವರು ಬಯಲಿನ ಇನ್ನೊಂದು ಕೊನೆಯಲ್ಲಿ ಗಾಡಿಗಳ ಹತ್ತಿರ ಇದ್ದರು. ನಾನು ಗೂಟಗಳನ್ನು ಅಲ್ಲಾಡಿಸಿ ಕಿತ್ತು, ಮುಂದಕ್ಕೆ ತಂದು, ಬ್ಯಾನರಿನ ಬೆನ್ನಿಗೇ ನೆಟ್ಟೆ. ಒಣಗಿದ ಗದ್ದೆಯ ನೆಲ ಕಲ್ಲಿನಂತಿತ್ತು, ಗೂಟ ಸರಿಯಾಗಿ ಇಳಿಯಲೂ ಇಲ್ಲ. ನಿಲ್ಲುವ ಹಾಗೆ ಒರಗಿಸಿ, ದರೆ ಹತ್ತಿ ಹೋದೆ.

ಅಲ್ಲಿ ಹೆಂಗಸರ ಒಂದು ಗುಂಪು ಕೂತಿತ್ತು. ಗುರುತಿನವರೇ. ಪಕ್ಕದ ದೊಡ್ಡ ಎಸ್ಟೇಟಿನವರು, ಕೆಲವರು ಬಿಡುವಿನಲ್ಲಿ ನಮ್ಮ ತೋಟಕ್ಕೂ ಹಣ್ಣು ಕುಯ್ಯಲು ಬರುತ್ತಿದ್ದವರು. ಗೌರಮ್ಮ, ಅವಳ ಪಕ್ಕದಲ್ಲಿ ಮಗಳು ಜಲಜ. ಜಲಜಳಿಗೆ ಇಪ್ಪತ್ತು ದಾಟಿ ಹೆಚ್ಚೇನೂ ಆಗಿರಲಿಲ್ಲ. ಕೆಂಪು ಸೀರೆ ಉಟ್ಟಿದ್ದಳು. ಫೋಟೋದಲ್ಲಿ ಚೆನ್ನಾಗಿ ಬರುತ್ತದೆ ಎಂದು ನನ್ನ ಮನಸ್ಸಿಗೆ ಬಂದದ್ದು ಈಗಲೂ ನೆನಪಿದೆ.

"ಇಲ್ಲಿಂದ ಎಂಥ ಕಾಣ್ತದೆ ಅಕ್ಕಾ? ಕೆಳಗೆ ಬನ್ನಿ. ಟೋಪಿ ಕೊಡ್ತಾರೆ, ಫೋಟೋ ತೆಗೀತಾರೆ" ಎಂದೆ. ಆ ಹೆಂಗಸರನ್ನು ನಾನು ಅದಕ್ಕೆ ಮೊದಲು ಯಾವತ್ತೂ ಅಕ್ಕ ಎಂದು ಕರೆದವನಲ್ಲ. ಹೆಸರು ಹಿಡಿದೇ ಕೂಗುತ್ತಿದ್ದೆ.

ಉಳಿದವರು ಸೆರಗು ಕೊಡವಿ ಎದ್ದರು. ಜಲಜ ಏಳಲಿಲ್ಲ.

"ಅಲ್ಲಿ ಯಾರೂ ಕೂರಬಾರ್ದು ಅಂತ ಹಗ್ಗ ಕಟ್ಟಿದ್ರಲ್ಲ, ಸತೀಶಣ್ಣ?"

"ಕಟ್ಟಿದ್ದು ನಾವೇ ಅಲ್ವಾ? ನಾನೇ ಹೇಳ್ತಿದೀನಲ್ಲ, ಬಾ."

ನಾನೇ ಹೇಳ್ತಿದೀನಲ್ಲ, ಬಾ. ಅಷ್ಟೇ ಮಾತು. ಅಷ್ಟೂ ಜನರಲ್ಲಿ ಹಗ್ಗದ ಬಗ್ಗೆ ಕೇಳಿದವಳು ಅವಳೊಬ್ಬಳೇ — ಎಷ್ಟು ಹೇಳಿದರೂ ಕೇಳಲಿಲ್ಲ ಎಂದು ನಾನು ಆಮೇಲೆ ಹೇಳಿದ್ದು ಅವಳ ಬಗ್ಗೆಯೇ.

ಕೆಳಗೆ ಬಂದರು. ಟೋಪಿ ಹಾಕಿಕೊಂಡು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಹಿಂದಿನವರಿಗೂ ಕಾಣಲಿ ಎಂದು ಮುಂದಿನ ಸಾಲನ್ನು ನೆಲದ ಮೇಲೆ ಕೂರಿಸಿದೆ. ಜಲಜಳನ್ನು ಬ್ಯಾನರಿನ ಅಂಚಿನಲ್ಲಿ, ಹಗ್ಗಕ್ಕೆ ಮೊಣಕಾಲು ತಾಗುವಂತೆ. ಫೋಟೋ ತೆಗೆದಾಯಿತು. ಅಲ್ಲಿಗೆ ಅವರನ್ನು ಮೇಲೆ ಕಳಿಸಬೇಕಿತ್ತು. ಮರೆತುಹೋಯಿತು ಎಂದರೆ ನೀವು ನಂಬಬಹುದು, ಆದರೆ ಮರೆತಿರಲಿಲ್ಲ. "ಗಾಡಿ ತಿರುಗೋವಾಗ ಒಂದು ಸಿಕ್ಕಿಬಿಟ್ರೆ!" ಎಂದರು ಮ್ಯಾನೇಜರ್. ನಾನು ಫೋಟೋಗ್ರಾಫರನ ಪಕ್ಕದಲ್ಲಿ ನಿಂತು ಕಾಯುತ್ತಿದ್ದೆ. ಎದುರಿಗೆ ಆ ಹೆಂಗಸರು ನನಗೆ ಸ್ಪಷ್ಟವಾಗಿ ಕಾಣುತ್ತಿದ್ದರು.

ಬಾಳೂರಿನ ಪ್ರದೀಪ ಓಡಿಸುತ್ತಿದ್ದ ಜಿಪ್ಸಿ ಮುಂದಿತ್ತು. ತಿರುವಿಗೆ ಬಂದಾಗ ಸರಿಯಾಗಿ ಕಡಿಯದೆ ಉಳಿದಿದ್ದ ಬದುವಿಗೆ ಅದರ ಮುಂದಿನ ಚಕ್ರ ಬಡಿಯಿತು. ಗಾಡಿಯ ಹಿಂಭಾಗ ಬೀಸಿಕೊಂಡು ಬಂತು. ನಿಂತಿದ್ದವರು ಹಿಂದಕ್ಕೆ ಹಾರಿದರು. ಕೂತಿದ್ದವರಲ್ಲಿ ಉಳಿದವರೂ ಹೇಗೋ ಹೊರಳಿಕೊಂಡರು. ಜಲಜಳ ಒಂದು ಕಾಲು ನೆಲಕ್ಕೂ ಗಾಡಿಗೂ ನಡುವೆ ಸಿಕ್ಕಿತು.

ಅವಳು ಕಿರುಚಿದಳೋ ಇಲ್ಲವೋ, ಧೂಳು ಇಳಿಯುವವರೆಗೆ ಏನೂ ತಿಳಿಯಲಿಲ್ಲ. ಜೀಪಿನಲ್ಲಿ ಹಾಕಿಕೊಂಡು ಮೂಡಿಗೆರೆಗೆ ಹೋದೆವು. ಅಲ್ಲಿಂದ ಘಾಟಿ ಇಳಿಸಿ ಮಂಗಳೂರಿಗೆ ಕಳಿಸಿದರು. ಮಂಡಿಯ ಕೆಳಗೆ ಕಾಲು ತೆಗೆಯಬೇಕಾಯಿತು.

ಮಾರನೆಯ ದಿನ ರಾಜೇಗೌಡರ ಎಸ್ಟೇಟ್ ಆಫೀಸಿನಲ್ಲಿ ಎಲ್ಲರೂ ಸೇರಿದ್ದೆವು. ಪ್ರದೀಪ ಮೂಲೆಯಲ್ಲಿ ತಲೆ ಹಿಡಿದುಕೊಂಡು ಕೂತಿದ್ದ. "ಅವರು ಅಲ್ಲಿ ಇರಬಾರ್ದಿತ್ತು, ಅವರು ಅಲ್ಲಿ ಇರಬಾರ್ದಿತ್ತು" ಎಂದು ಅದನ್ನೇ ಹೇಳುತ್ತಿದ್ದ. ಗೌಡರು ನನ್ನ ಕಡೆ ತಿರುಗಿದರು.

"ಹಗ್ಗ ಯಾರು ಸರಿಸಿದ್ದು, ಸತೀಶ?"

ಒಂದು ಕ್ಷಣ — ಹೌದು, ಒಂದು ಕ್ಷಣ ನಿಜ ನಾಲಿಗೆಯ ತುದಿಗೆ ಬಂದಿತ್ತು. ಆಮೇಲೆ ನನ್ನದೇ ದನಿ ಕೇಳಿಸಿತು. "ಜನಾನೇ ಸರಿಸ್ಕೊಂಡು ಬಂದ್ರು ಗೌಡ್ರೇ. ಬೇಡ ಅಂದ್ರೂ ಕೇಳ್ಲಿಲ್ಲ. ಆ ಹುಡುಗಿ ಅಂತೂ ಮುಂದೆ ಬಂದು ಕೂತೇಬಿಟ್ಳು."

ಗೌಡರು ನನ್ನ ಮುಖವನ್ನು ತುಸು ಹೊತ್ತು ನೋಡಿದರು. ಮತ್ತೆ ಕೇಳಲಿಲ್ಲ. ಪ್ರದೀಪ ಮಾತ್ರ ತಲೆಯೆತ್ತಿದ. ಮುಳುಗುತ್ತಿದ್ದವನ ಕೈಗೆ ಏನೋ ಸಿಕ್ಕಂತಿತ್ತು ಅವನ ಮುಖ.

ಪತ್ರಿಕೆಯವರಿಗೆ ಹೇಳಿಕೆ ಬರೆದುಕೊಟ್ಟವನೂ ನಾನೇ. ಪ್ರವೇಶ ಉಚಿತವಾಗಿದ್ದುದರಿಂದ ನಿರೀಕ್ಷೆ ಮೀರಿ ಜನ ಸೇರಿದರೆಂದೂ, ಸ್ವಯಂಸೇವಕರು ತಡೆದರೂ ನುಗ್ಗಿದರೆಂದೂ ಒಳ್ಳೆಯ ಕನ್ನಡದಲ್ಲಿ ಬರೆದೆ. ಬಡವರಿಗೊಂದು ಭಾನುವಾರ ಕೊಟ್ಟೆ ಎಂದು ಎದೆಯುಬ್ಬಿಸಿದ್ದವನು, ಬಿಟ್ಟಿ ಬಂದದ್ದೇ ಅವರ ತಪ್ಪು ಎನ್ನುವಂತೆ ಮಾಡಿದೆ. ಆಸ್ಪತ್ರೆಯ ಖರ್ಚನ್ನು ಕಂಪನಿ, ಕ್ಲಬ್ಬು ಸೇರಿ ಕೊಟ್ಟವು. ಅದಕ್ಕೆ 'ಮಾನವೀಯ ನೆರವು' ಎಂದು ಹೆಸರಿಟ್ಟೆವು. ಪರಿಹಾರ ಎಂದರೆ ತಪ್ಪು ಒಪ್ಪಿದಂತಾಗುತ್ತದೆ, ಅದು ಬೇಡ ಎಂದು ಸೂಚಿಸಿದ್ದು ಯಾರು ಎಂದು ನಾನು ಬೇರೆ ಹೇಳಬೇಕಾಗಿಲ್ಲ.

ಮುಂದಿನ ವರ್ಷವೂ ಕಂಪನಿ ಬಂತು. ಅವರ ಆ ವರ್ಷದ ಕ್ಯಾಲೆಂಡರಿನಲ್ಲಿ ಬ್ಯಾನರಿನ ಹಿಂದೆ ಹಳದಿ ಟೋಪಿ ಹಾಕಿಕೊಂಡು ನಗುವ ಹೆಂಗಸರಿದ್ದರು — ಅಪಘಾತಕ್ಕೆ ಮೊದಲು ತೆಗೆದ ಫೋಟೋ. ಮೂಡಿಗೆರೆಯ ಟಯರ್ ಅಂಗಡಿಯಲ್ಲಿ ಅದನ್ನು ನೋಡಿದ ಮೇಲೆ ಆ ಅಂಗಡಿಗೆ ಹೋಗುವುದು ಬಿಟ್ಟೆ. ರೇಸು ಮಾತ್ರ ಬಿಡಲಿಲ್ಲ. ಕೆಲವು ವರ್ಷಗಳ ಮೇಲೆ ಕಂಪನಿಗೆ ನಮ್ಮ ಬಯಲು ಬೇಸರವಾಯಿತು. ಅವರು ಬೇರೆ ಕಡೆ ಹೋದರು, ಅಲ್ಲಿಗೆ ನಮ್ಮ ರೇಸೂ ನಿಂತಿತು.

ಆಮೇಲೆ ಈ ಬಗ್ಗೆ ಬಹಳ ಯೋಚಿಸಿದ್ದೇನೆ. ಟಿಕೆಟ್ ಇದ್ದಾಗ ನಾವು ಜನರಿಗೆ ರೇಸನ್ನು ಮಾರುತ್ತಿದ್ದೆವು. ಟಿಕೆಟ್ ತೆಗೆದ ಮೇಲೆ ಕಂಪನಿಗೆ ಜನರನ್ನು ಮಾರತೊಡಗಿದೆವು. ಲಾರಿ ಇಳಿದು ಬಂದವರಿಗೆ ಅದು ಗೊತ್ತಿರಲಿಲ್ಲ. ಹೀಗೆ ಯೋಚಿಸುವಾಗ ಒಂದು ಬಗೆಯ ಸಮಾಧಾನವಾಗುತ್ತಿತ್ತು, ತಪ್ಪೆಲ್ಲ ಆ ಏರ್ಪಾಡಿನದು ಎಂಬಂತೆ. ಆದರೆ ಉಚಿತವಾಗಿ ಬಿಟ್ಟು, ಕಂಪನಿಯ ಹಣದಲ್ಲೇ ನಡೆಸಿ, ಒಬ್ಬರಿಗೂ ಗೀರು ತಾಗದಂತೆ ಮನೆಗೆ ಕಳಿಸಿದವರು ಬೇಕಾದಷ್ಟು ಕಡೆ ಇದ್ದಾರೆ. ನಮ್ಮಲ್ಲೇ ಮೊದಲ ವರ್ಷ ಹಾಗಾಗಿತ್ತು. ಏರ್ಪಾಡು ಗೂಟ ಕೀಳುವುದಿಲ್ಲ. ಕಿತ್ತದ್ದು ಈ ಕೈ.

ಈಚೆಗೆ ಒಂದು ದಿನ ನನ್ನ ಜೀಪು ಗ್ಯಾರೇಜಿನಲ್ಲಿತ್ತು. ಮೂಡಿಗೆರೆಗೆ ಹೋಗಲು ಗೋಣಿಬೀಡಿನಲ್ಲಿ ಬಸ್ ಹತ್ತಿದೆ. ಬಸ್ಸು ತುಂಬಿತ್ತು. ನಡುವಿನ ಸೀಟಿನಿಂದ ಯಾರೋ, "ಸತೀಶಣ್ಣ, ಇಲ್ಲಿ ಬನ್ನಿ, ಜಾಗ ಇದೆ" ಎಂದರು. ಜಲಜ. ಸೀಟಿಗೆ ಒರಗಿಸಿದ್ದ ಊರುಗೋಲನ್ನು ಎತ್ತಿ ಕಿಟಕಿಯ ಕಡೆ ಇಟ್ಟುಕೊಂಡು, ಒತ್ತರಿಸಿ ಕೂತು, ನನಗೆ ಜಾಗ ಮಾಡಿದಳು. ಕೂರದೆ ವಿಧಿಯಿರಲಿಲ್ಲ.

"ಮನೇಲಿ ಎಲ್ಲ ಚೆನ್ನಾಗಿದಾರಾ? ಈ ಸಲ ನಿಮ್ಮಲ್ಲಿ ಕಾಫಿ ಹೂವಿನ ಮಳೆ ಸರಿಯಾಗಿ ಆಯ್ತಾ?" ಎಂದು ಕೇಳಿದಳು. ಗೌರಮ್ಮ ತೀರಿಕೊಂಡದ್ದನ್ನು ಹೇಳಿದಳು. ತಾನು ಎಸ್ಟೇಟಿನಲ್ಲಿ ಆಳುಗಳ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ ಎಂದಳು. ನಾನು ಹೂಂ ಹೂಂ ಎನ್ನುತ್ತ ಮೂಡಿಗೆರೆಯವರೆಗೂ ಕೂತಿದ್ದೆ. ಇಳಿಯುವಾಗ ಅವಳ ಕೈಚೀಲ ಹಿಡಿದುಕೊಳ್ಳಲು ಹೋದೆ. "ಬೇಡ ಬೇಡ, ನಂಗೆ ಅಭ್ಯಾಸ ಆಗಿದೆ" ಎಂದು ನಕ್ಕಳು.

ಆ ನಗು ನನ್ನಿಂದ ತಡೆಯಲಾಗಲಿಲ್ಲ. ಬೈದಿದ್ದರೆ, ಮುಖ ತಿರುಗಿಸಿದ್ದರೆ ಬಹುಶಃ ಇನ್ನೂ ಹತ್ತು ವರ್ಷ ಸುಮ್ಮನಿರುತ್ತಿದ್ದೆನೋ ಏನೋ.

ಆ ವಾರವೇ ಎಸ್ಟೇಟಿನ ಮಕ್ಕಳ ಮನೆಗೆ ಹೋದೆ. ಊಟ ಮುಗಿದು ಮಕ್ಕಳು ಮಲಗಿದ್ದವು. ಜಲಜ ಜಗಲಿಯಲ್ಲಿ ಕೂತು ತಟ್ಟೆಗಳನ್ನು ಒರೆಸಿಡುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಹಗ್ಗ ಸರಿಸಿದ್ದು, ಕರೆದು ಕೂರಿಸಿದ್ದು, ಆಮೇಲೆ ಅವಳ ಮೇಲೆ ಹಾಕಿದ್ದು. ಅವಳು ತಟ್ಟೆ ಒರೆಸುವುದನ್ನು ನಿಲ್ಲಿಸಲಿಲ್ಲ.

"ನೀವೇ ಕರೆದದ್ದು ನಂಗೆ ಗೊತ್ತಿಲ್ವಾ, ಸತೀಶಣ್ಣ? ಕಾಲು ಹೋಯ್ತು, ತಲೆ ಹೋಗಿರ್ಲಿಲ್ಲ."

ಅವಳು ಇನ್ನೊಂದು ತಟ್ಟೆ ಕೈಗೆತ್ತಿಕೊಂಡಳು.

"ಆಸ್ಪತ್ರೇಲೇ ಅವ್ವನ ಹತ್ರ ಹೇಳಿದ್ದೆ. ಸುಮ್ನಿರು, ನಾಳೆ ಅವರ ತೋಟಕ್ಕೇ ಕುಯ್ಲಿಗೆ ಹೋಗ್ಬೇಕು ಅಂದ್ಳು. ಬಾಕಿ ಹೆಂಗಸ್ರೂ ಹಂಗೇ ಸುಮ್ನಾದ್ರು."

ಮಕ್ಕಳು ಎದ್ದಾವೆಂದು ಮೆಲ್ಲಗೇ ಮಾತಾಡುತ್ತಿದ್ದಳು.

"ಆ ಗಲಾಟೇಲಿ ನಿಮ್ಗೆ ನೆನಪು ಹೋಗಿದೆ, ಏನು ಹೇಳಿದ್ದು ಏನು ಮಾಡಿದ್ದು ಅಂತ ಗೊತ್ತಿಲ್ಲ, ಅದಕ್ಕೇ ಹಂಗೆ ಹೇಳಿದೀರಿ ಅಂದ್ಕೊಂಡಿದ್ದೆ ನಾನು." ಈಗ ಮೊದಲ ಸಲ ನನ್ನ ಮುಖ ನೋಡಿದಳು. "ನೆನಪಿತ್ತಾ ನಿಮ್ಗೆ? ನೆನಪಿಟ್ಕೊಂಡೂ ಸುಮ್ನಿದ್ರಾ?"

ಹೌದು ಎಂದೆ. ಬಸ್ಸಿನಲ್ಲಿ ಜಾಗ ಮಾಡಿಕೊಟ್ಟ ಜಲಜ ಆ ಹೊತ್ತಿಗೆ ಅಲ್ಲಿರಲಿಲ್ಲ. ಇಷ್ಟು ವರ್ಷ ನನಗೆ ಅವಳು ಕೊಟ್ಟಿದ್ದ ರಿಯಾಯಿತಿಯನ್ನು ನಾನೇ ಹೋಗಿ ಕಳೆದುಕೊಂಡು ಬಂದೆ. ಅದು ನನ್ನದಾಗಿರಲೂ ಇಲ್ಲ.

"ನಾನೀಗ ಏನು ಮಾಡ್ಬೇಕು ಹೇಳು" ಎಂದೆ.

"ಅದನ್ನೂ ನಾನೇ ಹೇಳ್ಬೇಕಾ?" ಎಂದಳು. ಒರೆಸಿದ ತಟ್ಟೆಗಳನ್ನೆಲ್ಲ ಒಂದರ ಮೇಲೊಂದು ಜೋಡಿಸಿದ ಮೇಲೆ ಅವಳಾಗಿಯೇ ಮಾತಾಡಿದಳು. "ನಮ್ಮ ಲೈನಲ್ಲಿ ಯಾವ್ದಾದ್ರೂ ಹುಡುಗಿ ಒಂದ್ಚೂರು ಮುಂದೆ ಹೋದ್ರೆ, ಟೂರಿಗೆ ಹೋಗ್ತೀನಿ, ಆಟ ನೋಡೋಕೆ ಹೋಗ್ತೀನಿ ಅಂದ್ರೆ, ನನ್ನ ಹೆಸ್ರು ಹೇಳಿ ಬೈತಾರೆ. ಜಲಜನ ಹಂಗೆ ನುಗ್ಬೇಡ ಅಂತ. ನನ್ನೆದುರಿಗೇ ಹೇಳ್ತಾರೆ. ಈಗಿನ ಮಕ್ಳಿಗೆ ಏನಾಗಿತ್ತು ಅಂತ್ಲೂ ಗೊತ್ತಿಲ್ಲ. ನಂಗೆ ಹೇಳಿ ಎಂಥ ಪ್ರಯೋಜನ? ಅವರಿಗೆ ಹೇಳಿ."

ಒಳಗೆ ಒಂದು ಮಗು ಅತ್ತಿತು. ಊರುಗೋಲು ತೆಗೆದುಕೊಂಡು ಎದ್ದು ಹೋದಳು. ಮತ್ತೆ ಹೊರಗೆ ಬರಲಿಲ್ಲ.

ರಾಜೇಗೌಡರು ಈಗಿಲ್ಲ. ಅವರಿಗೆ ಹೇಳುವ ಅವಕಾಶ ಮುಗಿದುಹೋಯಿತು. ಪ್ರದೀಪನ ಮನೆಗೆ ಹೋಗಿ ಹೇಳಿದೆ. ಆ ಭಾನುವಾರದ ಮೇಲೆ ಅವನು ಮತ್ತೆ ರೇಸಿಗೆ ಇಳಿದವನಲ್ಲ. "ಇಷ್ಟು ವರ್ಷ ನಾನು ಆ ಹೆಂಗಸಿನ ಮೇಲೆ ಸಿಟ್ಟಿಟ್ಕೊಂಡಿದ್ದೆ ಮಾರಾಯ. ಅವಳಿಂದ ನನ್ನ ಜೀವನ ಹಾಳಾಯ್ತು ಅಂತ" ಎಂದ. ಕಾಫಿ ಕುಡಿ ಎನ್ನಲಿಲ್ಲ. ಗೇಟಿನವರೆಗೆ ಬರಲೂ ಇಲ್ಲ. ಅವನಿಂದ ವಿಷಯ ತಿಳಿದ ಕ್ಲಬ್ಬಿನ ಹಳಬರಲ್ಲಿ ಇಬ್ಬರು ಮೂವರು ಮಾತ್ರ ಫೋನ್ ಮಾಡಿ, ಮುಗಿದ ಕಥೆಯನ್ನು ಈಗ ಯಾಕೆ ಕೆದಕುತ್ತೀ ಎಂದರು. ಯಾರಿಗೆ ಮುಗಿದದ್ದು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಬರುವ ಶನಿವಾರ ಎಸ್ಟೇಟಿನಲ್ಲಿ ಬಟವಾಡೆ. ಸಂಜೆ ಸಂಬಳಕ್ಕೆಂದು ಲೈನಿನವರೆಲ್ಲ ಆಫೀಸಿನ ಮುಂದೆ ಸೇರುತ್ತಾರೆ, ಆ ರೇಸಿನ ದಿನ ನನ್ನೊಡನೆ ದರೆ ಇಳಿದು ಬಂದ ಹೆಂಗಸರಲ್ಲಿ ಉಳಿದವರೂ, ಅವರ ಹೆಣ್ಣುಮಕ್ಕಳೂ. ಎಲ್ಲರ ಮುಂದೆ ಸ್ವಲ್ಪ ಮಾತಾಡಬೇಕು ಎಂದು ಅಲ್ಲಿ ಲೆಕ್ಕ ಬರೆಯುವ ರೈಟರನ್ನು ಕೇಳಿಕೊಂಡಿದ್ದೇನೆ. ಯಾವ ವಿಷಯ ಎಂದರು. ಜಲಜನ ವಿಷಯ ಎಂದೆ. ಅವರು ನನ್ನನ್ನು ಒಂದು ಥರ ನೋಡಿ, ಆಗಲಿ ಎಂದರು.

ಅವಳು ಅಲ್ಲಿರುತ್ತಾಳೋ ಇಲ್ಲವೋ ವಿಚಾರಿಸಲಿಲ್ಲ. ಬಂದು ಕೂತು ಕೇಳು ಎಂದು ಅವಳನ್ನು ಇನ್ನೊಮ್ಮೆ ಕರೆಯುವ ಹಕ್ಕು ನನಗಿಲ್ಲ.